ರಾಟೆಯ ಹಾಡಿಗೆ ಸ್ವರ ನೀಡಿದ ಫ್ರಾಂಜ್ ಶೂಬರ್ಟ್ (1797-1828)

ಕವಿತೆಗೆ ರಾಗ ಸಂಯೋಜಿಸಿ ಹಾಡುವ ಪದ್ಧತಿಗೆ ಪಾಶ್ಚಾತ್ಯ ಸಂಗೀತ ಲೋಕದಲ್ಲಿ ಸ್ವತಂತ್ರ ಕಲೆಯ ಸ್ಥಾನವನ್ನು ದೊರಕಿಸಿಕೊಟ್ಟ ಮಹನೀಯರಲ್ಲಿ ಆಸ್ಟ್ರಿಯಾ ದೇಶದ ಫ್ರಾಂಜ್ ಪೀಟರ್ ಶೂಬರ್ಟ್ ಅವರು ಅಗ್ರಗಣ್ಯರು. ಕೇವಲ 31 ವರ್ಷಗಳ ಜೀವಿತಾವಧಿಯಲ್ಲಿ ಇವರು 600ಕ್ಕೂ ಹೆಚ್ಚು ಗೀತೆಗಳಿಗೆ ಸಂಗೀತ ಸಂಯೋಜಿಸಿದರು. ಇದಲ್ಲದೆ ಸಿಂಫನಿಗಳು, ಚರ್ಚ್ ಆರಾಧನಾ ಸಂಗೀತ, ಪಿಯಾನೋ ಕೃತಿಗಳು ಹಾಗೂ ತಂತಿವಾದ್ಯ ಮೇಳದ ಕೃತಿಗಳನ್ನೂ ರಚಿಸಿರುವರು. ಭಾವಗೀತೆಗಳನ್ನು ಸುಗಮ ಸಂಗೀತದ ಮೂಲಕ ಕೇಳಿ ಬೆಳೆದ ಕನ್ನಡಿಗರಿಗೆ ಇವರ ಸಾಧನೆಯ ಸ್ವರೂಪವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಕವಿಯ ಮಾತು ಒಂದು, ಅದಕ್ಕೆ ಸ್ವರ ಹಚ್ಚುವವರ ಮನಸ್ಸು ಇನ್ನೊಂದು. ಎರಡೂ ಸೇರಿ ಮೂರನೆಯದೊಂದು ಹುಟ್ಟುವ ಈ ಕ್ರಿಯೆಯಲ್ಲಿ ಶೂಬರ್ಟ್ ಅವರು ತಮ್ಮ 17ನೆಯ ವಯಸ್ಸಿನಲ್ಲಿಯೇ ಪೂರ್ಣ ಸಿದ್ಧಿಯನ್ನು ಪಡೆದಿದ್ದರು. ಅದಕ್ಕೆ ಸಾಕ್ಷಿಯಾದ ಕೃತಿ, ಪ್ರಣಯದ ಹಂಬಲದಲ್ಲಿ ತಳಮಳಿಸುವ ತರುಣಿಯೊಬ್ಬಳ ಹಾಡು.

ಜನನ ಮತ್ತು ವಿದ್ಯಾಭ್ಯಾಸ

ಶೂಬರ್ಟ್ ಅವರು 1797ರ ಜನವರಿ 31ರಂದು ವಿಯೆನ್ನಾ ನಗರದ ಹೊರವಲಯದ ಹಿಮ್ಮೆಲ್‌ಫೋರ್ಟ್‌ಗ್ರುಂಡ್ ಎಂಬಲ್ಲಿ ಜನಿಸಿದರು. ತಂದೆ ಫ್ರಾಂಜ್ ಥಿಯೋಡರ್ ಅವರು ಶಾಲಾ ಉಪಾಧ್ಯಾಯರು, ತಾಯಿ ಎಲಿಜಬೆತ್. ಈ ದಂಪತಿಗಳಿಗೆ ಹುಟ್ಟಿದ 14 ಮಕ್ಕಳ ಪೈಕಿ ಬದುಕುಳಿದವರು ಐವರು ಮಾತ್ರ. ಅನೇಕ ಸಂಸಾರಗಳು ಒಂದೇ ಅಂಗಳವನ್ನು ಹಂಚಿಕೊಂಡು ವಾಸಿಸುತ್ತಿದ್ದ ವಠಾರದಂತಹ ಕಟ್ಟಡದಲ್ಲಿ ಇವರ ಮನೆಯಿತ್ತು. ತಂದೆಯಿಂದ ಪಿಟೀಲನ್ನೂ ಹಿರಿಯಣ್ಣನಿಂದ ಪಿಯಾನೋವನ್ನೂ ಕಲಿತ ಬಾಲಕ ಬಹುಬೇಗ ಇಬ್ಬರನ್ನೂ ಮೀರಿಸಿದನು.

1808ರಲ್ಲಿ ಅರಮನೆಯ ಪ್ರಾರ್ಥನಾ ಮಂದಿರದ ಗಾಯಕ ಬಾಲಕರ ಆಯ್ಕೆ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ರಾಜಾಶ್ರಯದ ವಸತಿ ಶಾಲೆಗೆ ಸೇರಿದರು. ಊಟ, ವಸತಿ ಮತ್ತು ಶಿಕ್ಷಣದ ಅನುಕೂಲ ಅಲ್ಲಿ ದೊರೆಯುತ್ತಿತ್ತು. ಆಸ್ಥಾನದ ಸಂಗೀತ ಮುಖ್ಯಸ್ಥರಾಗಿದ್ದ ಆಂಟೋನಿಯೋ ಸಾಲಿಯೇರಿ ಅವರು ಇವರ ಪ್ರತಿಭೆಯನ್ನು ಗುರುತಿಸಿ ಸ್ವತಃ ಪಾಠ ಹೇಳಿದರು. ಇದೇ ಶಾಲೆಯಲ್ಲಿ ಇವರಿಗಿಂತ ಸುಮಾರು ಎಂಟು ವರ್ಷ ಹಿರಿಯರಾದ ಜೋಸೆಫ್ ಫಾನ್ ಸ್ಪೌನ್ ಎಂಬ ಕಾನೂನು ವಿದ್ಯಾರ್ಥಿಯ ಸ್ನೇಹವಾಯಿತು. ಬಾಲಕನ ಬಳಿ ಸ್ವರಲಿಪಿ ಬರೆಯಲು ಕಾಗದ ಕೊಳ್ಳುವಷ್ಟು ಹಣವಿಲ್ಲದಿರುವುದನ್ನು ಕಂಡು ಸ್ಪೌನ್ ಅವರು ಕಾಗದವನ್ನು ತಂದುಕೊಡತೊಡಗಿದರು. ಮುಂದೆ ಸರ್ಕಾರಿ ಲಾಟರಿ ಇಲಾಖೆಯಲ್ಲಿ ಅಧಿಕಾರಿಯಾದ ಈ ಸ್ನೇಹಿತರು ಶೂಬರ್ಟ್ ಅವರ ಜೀವನದ ಅನೇಕ ತಿರುವುಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಆ ಕಾಗದದ ವೆಚ್ಚವನ್ನು ಯಾವ ಲೆಕ್ಕದಲ್ಲಿಯೂ ಯಾರೂ ಬರೆದಿಟ್ಟಿಲ್ಲ. ಸಂಗೀತ ಚರಿತ್ರೆಯಲ್ಲಿ ಅಷ್ಟು ಕಡಿಮೆ ಹಣ ಅಷ್ಟು ಹೆಚ್ಚು ಫಲ ನೀಡಿದ ನಿದರ್ಶನಗಳು ವಿರಳ.

1812ರಲ್ಲಿ ತಾಯಿ ನಿಧನರಾದರು. ಅದೇ ವರ್ಷ ಕಂಠ ಒಡೆದುದರಿಂದ ಬಾಲಗಾಯಕನ ಸ್ಥಾನ ಹೋಯಿತು. 1813ರ ಕೊನೆಯಲ್ಲಿ ವಸತಿ ಶಾಲೆಯನ್ನು ತೊರೆದು, ಶಿಕ್ಷಕರ ತರಬೇತಿ ಪಡೆದು, 1814ರಲ್ಲಿ ತಂದೆಯ ಶಾಲೆಯಲ್ಲಿಯೇ ಸಹಾಯಕ ಉಪಾಧ್ಯಾಯರಾಗಿ ಸೇರಿದರು. ಚಿಕ್ಕ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದು ಇವರ ಕೆಲಸ, ಸಂಬಳ ಅತ್ಯಲ್ಪ. ಈ ಉದ್ಯೋಗದಲ್ಲಿ ಇವರಿಗೆ ಆಸಕ್ತಿಯಿರಲಿಲ್ಲ.

1814ರ ಅಕ್ಟೋಬರ್ 19

ಆ ವರ್ಷದ ಶರತ್ಕಾಲದಲ್ಲಿ ಲಿಖ್ಟೆಂಟಾಲ್ ಬಡಾವಣೆಯ ಚರ್ಚಿನ ಶತಮಾನೋತ್ಸವದ ಸಂದರ್ಭದಲ್ಲಿ ಶೂಬರ್ಟ್ ಅವರು ರಚಿಸಿದ ಮೊದಲ ಪೂರ್ಣ ಆರಾಧನಾ ಸಂಗೀತವು ಪ್ರಸ್ತುತವಾಯಿತು. ಅದರಲ್ಲಿ ತಾರಸ್ಥಾಯಿಯ ಭಾಗವನ್ನು ಹಾಡಿದವರು ನೆರೆಯ ತೆರೇಸ್ ಗ್ರೋಬ್ ಎಂಬ ಹುಡುಗಿ. ವಯಸ್ಸಿನಲ್ಲಿ ಶೂಬರ್ಟ್ ಅವರಿಗಿಂತ ಸುಮಾರು ಎರಡು ವರ್ಷ ಕಿರಿಯಳು. ಇವಳನ್ನು ಶೂಬರ್ಟ್ ಅವರು ಮನಸಾರೆ ಮೆಚ್ಚಿದ್ದರೆಂದು ಅವರ ಸ್ನೇಹಿತರು ಅನೇಕ ವರ್ಷಗಳ ನಂತರ ಬರೆದ ನೆನಪುಗಳಿಂದ ತಿಳಿದುಬರುತ್ತದೆ.

ಇದೇ ದಿನಗಳಲ್ಲಿ ಇವರು ಜರ್ಮನ್ ಮಹಾಕವಿ ಗಯಟೆ ಅವರ ಫೌಸ್ಟ್ ನಾಟಕದ ಮೊದಲ ಭಾಗವನ್ನು ಓದುತ್ತಿದ್ದರು. ಅದು 1808ರಲ್ಲಿ ಪ್ರಕಟವಾಗಿದ್ದ ಕೃತಿ. ಅದರಲ್ಲಿ ಒಂದು ಕಿರುದೃಶ್ಯವಿದೆ. ಗ್ರೆಟ್ಚೆನ್ ಎಂಬ ಮುಗ್ಧ ತರುಣಿ ತನ್ನ ಕೋಣೆಯಲ್ಲಿ ಏಕಾಂಗಿಯಾಗಿ ಕುಳಿತು ರಾಟೆಯಲ್ಲಿ ನೂಲು ತೆಗೆಯುತ್ತಿರುತ್ತಾಳೆ. ಫೌಸ್ಟ್‌ನನ್ನು ಕಂಡಂದಿನಿಂದ ಅವಳ ನೆಮ್ಮದಿ ಕಳೆದುಹೋಗಿದೆ. ಕಿಟಕಿಯಿಂದ ಹೊರಗೆ ನೋಡುವುದೂ ಅವನಿಗಾಗಿ, ಮನೆಯಿಂದ ಹೊರಗೆ ಹೋಗುವುದೂ ಅವನಿಗಾಗಿ. ಅವನ ನಡಿಗೆ, ನಗು, ಮಾತು, ಕೈಸ್ಪರ್ಶ ಒಂದೊಂದನ್ನೂ ನೆನೆಯುತ್ತಾಳೆ. ನಾಲ್ಕು ನಾಲ್ಕು ಪುಟ್ಟ ಸಾಲುಗಳ ಹತ್ತು ನುಡಿಗಳುಳ್ಳ ಈ ಕವಿತೆಯಲ್ಲಿ ಮೊದಲ ನುಡಿಯು ಪಲ್ಲವಿಯಂತೆ ಮೂರು ಬಾರಿ ಬರುತ್ತದೆ. ನಮ್ಮ ಕಾವ್ಯ ಪರಂಪರೆಯ ಭಾಷೆಯಲ್ಲಿ ಹೇಳುವುದಾದರೆ ಇವಳು ವಿರಹಿಣಿ. ಆದರೆ ತನಗೆ ಏನಾಗಿದೆಯೆಂಬುದೇ ತಿಳಿಯದಷ್ಟು ಎಳೆಯ ವಿರಹಿಣಿ.

ಹದಿನೇಳು ವರ್ಷದ ಸಹಾಯಕ ಉಪಾಧ್ಯಾಯರು ಈ ಕವಿತೆಗೆ ಸಂಗೀತ ಬರೆದು ಮುಗಿಸಿದ ದಿನಾಂಕ 1814ರ ಅಕ್ಟೋಬರ್ 19. ಹಸ್ತಪ್ರತಿಯಲ್ಲಿ ಈ ದಿನಾಂಕವಿದೆ. ಜರ್ಮನ್ ಕಲಾಗೀತೆಯು ಜನಿಸಿದ ದಿನವೆಂದು ಅನೇಕ ಸಂಗೀತ ಚರಿತ್ರಕಾರರು ಇದನ್ನೇ ಗುರುತಿಸುತ್ತಾರೆ. ಇವರಿಗಿಂತ ಮೊದಲು ಕವಿತೆಗಳಿಗೆ ಸಂಗೀತ ನೀಡಿದವರು ಇರಲಿಲ್ಲವೆಂದಲ್ಲ, ಹೇರಳವಾಗಿದ್ದರು. ಆದರೆ ಅವರ ಬಹುತೇಕ ಹಾಡುಗಳಲ್ಲಿ ಪಿಯಾನೋದ ಪಾತ್ರವು ನಮ್ಮಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿಯುವಷ್ಟಕ್ಕೆ ಸೀಮಿತವಾಗಿತ್ತು. ಎಲ್ಲ ನುಡಿಗಳಿಗೂ ಒಂದೇ ಮಟ್ಟು. ಕವಿತೆಯ ಭಾವ ಬದಲಾದರೂ ಮಟ್ಟು ಬದಲಾಗುತ್ತಿರಲಿಲ್ಲ.

ಶೂಬರ್ಟ್ ಅವರು ಮಾಡಿದ್ದೇ ಬೇರೆ. ಅವರು ಪಿಯಾನೋವನ್ನು ರಾಟೆಯಾಗಿಸಿದರು. ವಾದಕನ ಬಲಗೈ ಎಡೆಬಿಡದೆ ಸುತ್ತುವ ಚಿಕ್ಕ ಚಿಕ್ಕ ಸ್ವರಗಳ ಮಾಲೆಯನ್ನು ನುಡಿಸುತ್ತದೆ. ಅದು ತಿರುಗುವ ಚಕ್ರ. ಎಡಗೈಯಲ್ಲಿ ಒಂದೇ ಲಯದಲ್ಲಿ ಮತ್ತೆ ಮತ್ತೆ ಬರುವ ತಟ್ಟು. ಅದು ರಾಟೆಯ ಹಲಗೆಯನ್ನು ತುಳಿಯುವ ಪಾದ. ಯೂರೋಪಿನ ಮನೆಗಳಲ್ಲಿ ಬಳಕೆಯಲ್ಲಿದ್ದುದು ಕೈಯಿಂದ ತಿರುಗಿಸುವ ರಾಟೆಯಲ್ಲ, ಕಾಲಿನಿಂದ ತುಳಿಯುವ ರಾಟೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಕೈ ಕಾಲುಗಳು ಅಭ್ಯಾಸಬಲದಿಂದ ತಮ್ಮಷ್ಟಕ್ಕೆ ಕೆಲಸ ಮಾಡುತ್ತಿರುವಾಗ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಆ ಮನಸ್ಸು ಗಾಯಕಿಯ ಕಂಠದಲ್ಲಿದೆ. ಕೃತಿಯ ಶ್ರುತಿ ಡಿ ಮೈನರ್. ಕರ್ನಾಟಕ ಸಂಗೀತದ ಪರಿಚಯವುಳ್ಳವರ ಕಿವಿಗೆ ಈ ಸ್ವರಶ್ರೇಣಿಯು ನಟಭೈರವಿ ಹಾಗೂ ಕೀರವಾಣಿ ಮೇಳಗಳಿಗೆ ಸಮೀಪವಾಗಿ ಕೇಳಿಸುತ್ತದೆ. ಆದರೆ ಹಾಡು ಅಲ್ಲಿಯೇ ನಿಲ್ಲದೆ, ತರುಣಿಯ ನೆನಪು ಪ್ರಿಯಕರನ ರೂಪದತ್ತ ಹೊರಳಿದಾಗ ಬೆಳಕಿನ ಶ್ರುತಿಗಳಿಗೆ ಜಾರುತ್ತದೆ, ಒಂದೊಂದು ಮೆಟ್ಟಿಲು ಏರುತ್ತದೆ.

ಅವನ ಮುತ್ತಿನ ನೆನಪು ಬರುವ ಸ್ಥಳದಲ್ಲಿ ಕಂಠವು ಮೇಲೇರಿ ತಡೆಯುತ್ತದೆ. ಅಲ್ಲಿ ರಾಟೆ ನಿಂತುಹೋಗುತ್ತದೆ. ಪಿಯಾನೋದಲ್ಲಿ ಚಕ್ರದ ಸ್ವರಗಳೂ ಇಲ್ಲ, ಪಾದದ ತಟ್ಟೂ ಇಲ್ಲ. ಒಂದು ಗಟ್ಟಿಯಾದ ಸ್ವರಪುಂಜ ಮಾತ್ರ, ಅದರ ಹಿಂದೆ ಮೌನ. ಗಯಟೆ ಅವರ ಪುಸ್ತಕದಲ್ಲಿ ರಾಟೆ ನಿಲ್ಲಿಸಬೇಕೆಂಬ ಯಾವ ಸೂಚನೆಯೂ ಇಲ್ಲ. ನಂತರ ಚಕ್ರವು ಒಮ್ಮೆಲೇ ಹೊರಡುವುದಿಲ್ಲ. ಕೊಂಚ ಸುತ್ತಿ ನಿಲ್ಲುತ್ತದೆ, ಮತ್ತೆ ಕೊಂಚ ಸುತ್ತಿ ತಡವರಿಸುತ್ತದೆ, ಆಮೇಲೆ ಹಳೆಯ ಲಯವನ್ನು ಹಿಡಿಯುತ್ತದೆ. ಮೈಮರೆತಿದ್ದ ಹುಡುಗಿ ಎಚ್ಚೆತ್ತು ಕಾಲನ್ನು ಮತ್ತೆ ಹಲಗೆಯ ಮೇಲಿಟ್ಟಳೆಂಬುದು ಒಂದೂ ಮಾತಿಲ್ಲದೆ ಕೇಳುಗರಿಗೆ ತಿಳಿಯುತ್ತದೆ. ಈ ನಾಲ್ಕಾರು ಕ್ಷಣಗಳಿಗಾಗಿಯೇ ಈ ಹಾಡನ್ನು ಎರಡು ಶತಮಾನಗಳಿಂದ ಜನರು ಕೇಳುತ್ತಿರುವರೆಂದರೆ ತಪ್ಪಾಗಲಾರದು.

ಕವಿತೆಯ ಕೊನೆಯಲ್ಲಿ ಅವಳ ಹಂಬಲ ತಡೆಯಿಲ್ಲದೆ ಉಕ್ಕುತ್ತದೆ. ಶೂಬರ್ಟ್ ಅವರು ಆ ಸಾಲುಗಳನ್ನು ಮತ್ತೆ ಮತ್ತೆ ಹಾಡಿಸಿ ಅತ್ಯುನ್ನತ ಸ್ವರಕ್ಕೆ ಒಯ್ಯುತ್ತಾರೆ. ಕವಿ ಅಲ್ಲಿಗೆ ಮುಗಿಸಿದ್ದರು. ಶೂಬರ್ಟ್ ಅವರು ಮಾತ್ರ ಪಲ್ಲವಿಯ ಆರಂಭದ ಮಾತುಗಳನ್ನು ಮತ್ತೊಮ್ಮೆ ತಂದು, ಕ್ಷೀಣವಾಗಿ ಹಾಡಿಸಿ, ರಾಟೆಯ ಸದ್ದು ತಾನಾಗಿ ಅಡಗುವಂತೆ ಮಾಡಿದರು. ಕವಿಯ ರಚನೆಯಲ್ಲಿ ಹೀಗೆ ಕೈಯಾಡಿಸುವ ಅಧಿಕಾರ ಸಂಗೀತಗಾರನಿಗೆ ಇದೆಯೇ ಎಂಬ ಪ್ರಶ್ನೆಯು ಆ ಕಾಲದಲ್ಲಿಯೂ ಇತ್ತು, ನಮ್ಮ ಭಾವಗೀತೆಗಳ ವಿಷಯದಲ್ಲಿಯೂ ಆಗಾಗ ಏಳುತ್ತಿರುತ್ತದೆ. ಈ ಹಾಡಿನ ಮಟ್ಟಿಗೆ ಹೇಳುವುದಾದರೆ, ತಳಮಳಕ್ಕೆ ಬಿಡುಗಡೆಯಿಲ್ಲ ಎಂಬ ಕವಿತೆಯ ಅಂತರಾರ್ಥವನ್ನು ಆ ಮರುಕಳಿಕೆಯೇ ಸ್ಪಷ್ಟಪಡಿಸುತ್ತದೆ.

ಮರುವರ್ಷ 1815ರಲ್ಲಿ ಇವರು ಶಾಲೆಯ ಕೆಲಸದ ನಡುವೆಯೇ ಸುಮಾರು 140 ಗೀತೆಗಳನ್ನು ರಚಿಸಿದರು. ಅಕ್ಟೋಬರ್ ತಿಂಗಳ ಒಂದೇ ದಿನದಲ್ಲಿ ಏಳೆಂಟು ಗೀತೆಗಳು ಸಿದ್ಧವಾದುದೂ ಉಂಟು. ಗಯಟೆ ಅವರದೇ ಕವಿತೆಯನ್ನು ಆಧರಿಸಿದ, ಜ್ವರಪೀಡಿತ ಮಗುವನ್ನು ಅಪ್ಪಿ ಕುದುರೆಯ ಮೇಲೆ ಧಾವಿಸುವ ತಂದೆಯ ಕಥೆಯಾದ ಎರ್ಲ್‌ಕೋನಿಗ್ ಗೀತೆಯೂ ಇದೇ ವರ್ಷದ್ದು.

ಅರ್ಜಿಗಳು ಮತ್ತು ಉತ್ತರಗಳು

ಶೂಬರ್ಟ್ ಅವರ ಜೀವನದಲ್ಲಿ 1816ನೆಯ ವರ್ಷವು ಹಲವು ಕಾರಣಗಳಿಂದ ಮುಖ್ಯವಾದುದು. ಆ ಏಪ್ರಿಲ್ ತಿಂಗಳಿನಲ್ಲಿ ಲೈಬಾಖ್ ನಗರದ (ಇಂದಿನ ಸ್ಲೊವೇನಿಯಾ ದೇಶದ ರಾಜಧಾನಿ ಲ್ಯುಬ್ಲಿಯಾನಾ) ಶಿಕ್ಷಕರ ತರಬೇತಿ ಶಾಲೆಯಲ್ಲಿ ತೆರವಾಗಿದ್ದ ಸಂಗೀತ ಶಿಕ್ಷಕರ ಹುದ್ದೆಗೆ ಇವರು ಅರ್ಜಿ ಸಲ್ಲಿಸಿದರು. ಜೊತೆಗೆ ಸಾಲಿಯೇರಿ ಅವರ ಪ್ರಮಾಣಪತ್ರವನ್ನು ಲಗತ್ತಿಸಿದ್ದರು. ಆದರೆ ಸದರಿ ಹುದ್ದೆಗೆ ಬೇರೊಬ್ಬರ ನೇಮಕವಾಯಿತು.

ಈ ಹುದ್ದೆಯ ಅಗತ್ಯ ಇವರಿಗೆ ಹೊಟ್ಟೆಪಾಡಿಗಾಗಿ ಮಾತ್ರ ಇರಲಿಲ್ಲ. 1815ರಲ್ಲಿ ಆಸ್ಟ್ರಿಯಾದಲ್ಲಿ ಜಾರಿಗೆ ಬಂದ ವಿವಾಹ ಅನುಮತಿ ನಿಯಮದಂತೆ, ಕೆಳಹಂತದ ನೌಕರರು ಕುಟುಂಬವನ್ನು ಪೋಷಿಸುವಷ್ಟು ಆದಾಯವಿದೆಯೆಂದು ಸರ್ಕಾರಕ್ಕೆ ತೋರಿಸದೆ ಮದುವೆಯಾಗುವಂತಿರಲಿಲ್ಲ. ಸಹಾಯಕ ಉಪಾಧ್ಯಾಯರ ಸಂಬಳದಲ್ಲಿ ಅದನ್ನು ತೋರಿಸುವುದು ಅಸಾಧ್ಯವಾಗಿತ್ತು. ಶೂಬರ್ಟ್ ಅವರು ಆ ವರ್ಷ ತಮ್ಮ ಕೆಲವು ಗೀತೆಗಳನ್ನು ತಮ್ಮ ಕೈಯಿಂದಲೇ ನಕಲು ಮಾಡಿ ತೆರೇಸ್ ಗ್ರೋಬ್ ಅವರಿಗಾಗಿ ಒಂದು ಸಂಪುಟವಾಗಿ ಸಿದ್ಧಪಡಿಸಿದರು. ಅದಕ್ಕಿಂತ ಮುಂದೆ ಹೋಗುವ ದಾರಿ ಕಾಣಲಿಲ್ಲ.

ಇದೇ ಏಪ್ರಿಲ್ ತಿಂಗಳಿನಲ್ಲಿ ಸ್ನೇಹಿತ ಸ್ಪೌನ್ ಅವರು ಮತ್ತೊಂದು ಪ್ರಯತ್ನ ಮಾಡಿದರು. ಗಯಟೆ ಅವರ ಕವಿತೆಗಳಿಗೆ ಶೂಬರ್ಟ್ ಅವರು ಸಂಯೋಜಿಸಿದ್ದ ಗೀತೆಗಳನ್ನು ಆಯ್ದು, ಅಂದವಾಗಿ ಪ್ರತಿ ಮಾಡಿಸಿ, ದೀರ್ಘವಾದ ವಿನಯಪೂರ್ವಕ ಪತ್ರದೊಡನೆ ವೈಮಾರ್ ನಗರದಲ್ಲಿದ್ದ ಕವಿಗಳಿಗೆ ಕಳುಹಿಸಿದರು. ರಾಟೆಯ ಹಾಡು ಆ ಕಟ್ಟಿನಲ್ಲಿತ್ತು. ಎರ್ಲ್‌ಕೋನಿಗ್ ಕೂಡ ಇತ್ತು. ಕೃತಿಗಳನ್ನು ಕವಿಗಳಿಗೆ ಅರ್ಪಿಸಲು ಅನುಮತಿ ಬೇಡುವುದು ಪತ್ರದ ಉದ್ದೇಶ. ಗಯಟೆ ಅವರ ಒಂದು ಒಪ್ಪಿಗೆಯ ಮಾತು ದೊರೆತಿದ್ದರೆ ವಿಯೆನ್ನಾದ ಪ್ರಕಾಶಕರ ಬಾಗಿಲುಗಳು ತೆರೆಯುತ್ತಿದ್ದವು. ಕಟ್ಟು ಯಾವ ಉತ್ತರವೂ ಇಲ್ಲದೆ ಹಿಂತಿರುಗಿತು.

ಇದಕ್ಕಾಗಿ ಮಹಾಕವಿಯನ್ನು ನಿಷ್ಠುರವಾಗಿ ನಿಂದಿಸುವ ಲೇಖಕರಿದ್ದಾರೆ. ಅದು ಪೂರ್ಣ ನ್ಯಾಯವಲ್ಲ. ಆಗ 66 ವರ್ಷದವರಾಗಿದ್ದ ಗಯಟೆ ಅವರಿಗೆ ನಿತ್ಯ ಇಂತಹ ಪತ್ರಗಳು ಬರುತ್ತಿದ್ದವು; ಈ ಕಟ್ಟನ್ನು ಅವರು ಬಿಚ್ಚಿ ನೋಡಿದರೆಂಬುದಕ್ಕೂ ಆಧಾರವಿಲ್ಲ. ಅಲ್ಲದೆ ಸಂಗೀತವು ಕವಿತೆಗೆ ವಿನಯದಿಂದ ಹಿಂಬದಿಯಲ್ಲಿರಬೇಕು, ಎಲ್ಲ ನುಡಿಗಳಿಗೂ ಒಂದೇ ಸರಳ ಮಟ್ಟಿರಬೇಕು ಎಂಬುದು ಅವರ ಅಭಿಮತವಾಗಿತ್ತು. ಅವರ ಆಪ್ತ ಸಂಗೀತಗಾರ ಝೆಲ್ಟರ್ ಅವರ ಶೈಲಿಯೂ ಅದೇ. ರಾಟೆ ನಿಲ್ಲಿಸುವ ಪಿಯಾನೋವನ್ನು ಅವರು ಕೇಳಿದ್ದರೂ ಮೆಚ್ಚುತ್ತಿದ್ದರೆಂದು ಹೇಳಲಾಗದು.

ಅದೇ ವರ್ಷದ ಜೂನ್ 17ರಂದು ಶೂಬರ್ಟ್ ಅವರು ಮೊದಲ ಬಾರಿಗೆ ಹಣಕ್ಕಾಗಿ ಸಂಗೀತ ರಚಿಸಿದರು. ಪ್ರಾಧ್ಯಾಪಕರೊಬ್ಬರ ನಾಮದಿನದ ಆಚರಣೆಗಾಗಿ ಬರೆದ ಆ ಕೃತಿಗೆ ದೊರೆತ ಸಂಭಾವನೆ 100 ಗುಲ್ಡನ್. ದುರದೃಷ್ಟವಶಾತ್ ಆ ಕೃತಿ ಇಂದು ಲಭ್ಯವಿಲ್ಲ.

1817ರಲ್ಲಿ ಎರ್ಲ್‌ಕೋನಿಗ್ ಗೀತೆಯನ್ನು ಲೈಪ್‌ಜಿಗ್ ನಗರದ ಪ್ರಸಿದ್ಧ ಪ್ರಕಾಶನ ಸಂಸ್ಥೆಯಾದ ಬ್ರೈಟ್‌ಕಾಫ್ ಮತ್ತು ಹಾರ್ಟೆಲ್‌ಗೆ ಕಳುಹಿಸಲಾಯಿತು. ಪ್ರಕಾಶಕರು ಅದನ್ನು ಹಿಂತಿರುಗಿಸಿದರು. ಅವರಿಗೆ ಗೊತ್ತಿದ್ದ ಫ್ರಾಂಜ್ ಶೂಬರ್ಟ್ ಎಂದರೆ ಡ್ರೆಸ್ಡೆನ್ ನಗರದ ಹಿರಿಯ ವಾದ್ಯಗಾರರು. ಆದ್ದರಿಂದ ಹಸ್ತಪ್ರತಿಯನ್ನು ಅವರ ವಿಳಾಸಕ್ಕೆ ರವಾನಿಸಿದರು! ಆ ಮಹನೀಯರು ಇಂತಹ ರಚನೆಯನ್ನು ತಾವು ಮಾಡಿಯೇ ಇಲ್ಲವೆಂದೂ, ತಮ್ಮ ಹೆಸರನ್ನು ಹೀಗೆ ಬಳಸಿದವರು ಯಾರೆಂದು ಪತ್ತೆ ಮಾಡುವುದಾಗಿಯೂ ಕೋಪದಿಂದ ಪತ್ರ ಬರೆದರು. ಒಂದೇ ಹೆಸರಿನ ಇಬ್ಬರು ಅರ್ಜಿದಾರರಿದ್ದಾಗ ಆಗುವ ಗೊಂದಲವು ಯಾವ ಕಾಲದ ಕಚೇರಿಗೂ ಹೊಸದಲ್ಲ.

ಸ್ನೇಹಿತರ ಬಳಗ

ಸುಮಾರು ನಾಲ್ಕು ವರ್ಷಗಳ ಬಳಿಕ ಶೂಬರ್ಟ್ ಅವರು ಶಾಲೆಯ ಉದ್ಯೋಗವನ್ನು ತ್ಯಜಿಸಿದರು. ಮುಂದೆ ಅವರಿಗೆ ಖಾಯಂ ನೌಕರಿ ದೊರೆಯಲೇ ಇಲ್ಲ. 1818ರಲ್ಲಿಯೂ 1824ರಲ್ಲಿಯೂ ಎಸ್ಟರ್‌ಹಾಜಿ ಸಿರಿವಂತ ಮನೆತನದ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡಲು ಬೇಸಿಗೆಯಲ್ಲಿ ಝೆಲಿಜ್ ಎಂಬ ಊರಿಗೆ ಹೋಗಿದ್ದರು. ಉಳಿದಂತೆ ಒಬ್ಬರಲ್ಲದಿದ್ದರೆ ಇನ್ನೊಬ್ಬ ಸ್ನೇಹಿತರ ಕೊಠಡಿಯಲ್ಲಿ ವಾಸ. ಅವರೊಡನೆ ಕೊಠಡಿ ಹಂಚಿಕೊಂಡಿದ್ದ ಕವಿ ಮೇರ್‌ಹೋಫರ್ ಅವರು ಸರ್ಕಾರದ ಗ್ರಂಥ ಪರಿಶೀಲನಾ ಕಚೇರಿಯ ನೌಕರರಾಗಿದ್ದರು. 1820ರಲ್ಲಿ ಸ್ನೇಹಿತ ಯೋಹಾನ್ ಸೆನ್ ಅವರ ಮನೆಯಲ್ಲಿ ಪೊಲೀಸ್ ಶೋಧನೆ ನಡೆದಾಗ ಅಲ್ಲಿದ್ದ ಶೂಬರ್ಟ್ ಅವರನ್ನೂ ಕೆಲಕಾಲ ವಶಕ್ಕೆ ತೆಗೆದುಕೊಳ್ಳಲಾಗಿತ್ತು. ಇವರನ್ನು ಎಚ್ಚರಿಕೆ ನೀಡಿ ಬಿಟ್ಟರು. ಸೆನ್ ಅವರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದು ಗಡೀಪಾರಾದರು.

ತೆರೇಸ್ ಗ್ರೋಬ್ ಅವರ ವಿವಾಹವು ಅದೇ 1820ರಲ್ಲಿ ಬೇಕರಿಯ ಯಜಮಾನರೊಬ್ಬರೊಡನೆ ನೆರವೇರಿತು.

ಭಾರತೀಯ ಓದುಗರಿಗೆ ಆಸಕ್ತಿದಾಯಕವಾದ ಸಂಗತಿಯೊಂದು ಇದೇ ವರ್ಷಕ್ಕೆ ಸೇರಿದೆ. ಕಾಳಿದಾಸನ ಶಾಕುಂತಲ ನಾಟಕವನ್ನು ಆಧರಿಸಿದ ಗೀತನಾಟಕವೊಂದಕ್ಕೆ ಶೂಬರ್ಟ್ ಅವರು 1820ರಲ್ಲಿ ಸಂಗೀತ ಬರೆಯತೊಡಗಿದರು. ಸಾಹಿತ್ಯವನ್ನು ಒದಗಿಸಿದವರು ಭೌತಶಾಸ್ತ್ರದ ಪ್ರಾಧ್ಯಾಪಕರಾದ ಯೋಹಾನ್ ಫಿಲಿಪ್ ನಾಯ್‌ಮನ್. ಎರಡು ಅಂಕಗಳ ಕರಡು ಸಿದ್ಧವಾದ ಮೇಲೆ ಅದು ಅಪೂರ್ಣವಾಗಿಯೇ ಉಳಿಯಿತು. ಶಾಕುಂತಲವು 1791ರಲ್ಲಿ ಜರ್ಮನ್ ಭಾಷೆಗೆ ಬಂದಾಗ ಅದನ್ನು ಹಾಡಿ ಹೊಗಳಿದವರಲ್ಲಿ ಗಯಟೆ ಅವರೇ ಮೊದಲಿಗರು; ಫೌಸ್ಟ್ ನಾಟಕದ ರಂಗಪೀಠಿಕೆಗೆ ಸಂಸ್ಕೃತ ನಾಟಕದ ಪ್ರಸ್ತಾವನೆಯೇ ಪ್ರೇರಣೆಯೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ರಾಟೆಯ ಮುಂದೆ ಕುಳಿತ ಗ್ರೆಟ್ಚೆನ್ ಮತ್ತು ಕಣ್ವಾಶ್ರಮದಲ್ಲಿ ದುಷ್ಯಂತನ ನೆನಪಿನಲ್ಲಿ ಮೈಮರೆತ ಶಕುಂತಲೆ ಇಬ್ಬರೂ ಒಬ್ಬರೇ ಸಂಗೀತಗಾರರ ಮೇಜಿನ ಮೇಲೆ ಬಂದಿದ್ದರೆಂಬುದು ಸಂತಸದ ವಿಷಯ. ಶಕುಂತಲೆಗೆ ಮಾತ್ರ ಪೂರ್ಣ ಹಾಡು ದಕ್ಕಲಿಲ್ಲ.

ಪ್ರಕಟಣೆ

ಆಸ್ಥಾನ ರಂಗಮಂದಿರದ ಹಿರಿಯ ಗಾಯಕ ಯೋಹಾನ್ ಮೈಕೆಲ್ ಫೋಗಲ್ ಅವರು ಶೂಬರ್ಟ್ ಅವರ ಗೀತೆಗಳನ್ನು ಮೆಚ್ಚಿ ಹಾಡತೊಡಗಿದುದು ಬಹುದೊಡ್ಡ ಬೆಂಬಲವಾಯಿತು. 1821ರ ಮಾರ್ಚ್ 7ರಂದು ಅವರು ಎರ್ಲ್‌ಕೋನಿಗ್ ಗೀತೆಯನ್ನು ಸಾರ್ವಜನಿಕವಾಗಿ ಹಾಡಿದಾಗ ಸಭಿಕರು ಮತ್ತೊಮ್ಮೆ ಹಾಡಿಸಿದರು. ಆದರೂ ಹೆಸರಿಲ್ಲದ ಸಂಗೀತಗಾರನ ಕೃತಿಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಮಾಡಲು ಪ್ರಕಾಶಕರು ಸಿದ್ಧರಿರಲಿಲ್ಲ. ಆಗ ಸ್ನೇಹಿತರು ಸೇರಿ ಮುದ್ರಣದ ವೆಚ್ಚವನ್ನು ಭರಿಸಲು ನಿರ್ಧರಿಸಿದರು. ಸೊನ್‌ಲೈಟ್ನರ್ ಅವರ ಮನೆಯಲ್ಲಿ ನಡೆದ ಸಂಗೀತ ಸಂಜೆಯೊಂದರಲ್ಲಿಯೇ 100 ಪ್ರತಿಗಳಿಗೆ ಚಂದಾ ಸಂಗ್ರಹವಾಯಿತು. ಪ್ರಕಾಶಕರಾದ ಕಪ್ಪಿ ಮತ್ತು ಡಯಾಬೆಲ್ಲಿ ಅವರು ಕಮಿಷನ್ ಆಧಾರದ ಮೇಲೆ ಮಾರಾಟದ ಹೊಣೆ ಹೊತ್ತರು. ಮೊದಲ ಕೃತಿಯಾಗಿ ಎರ್ಲ್‌ಕೋನಿಗ್, ಎರಡನೆಯ ಕೃತಿಯಾಗಿ ರಾಟೆಯ ಹಾಡು ಅದೇ ವರ್ಷದ ವಸಂತದಲ್ಲಿ ಹೊರಬಂದವು. ಬರೆದು ಆರೂವರೆ ವರ್ಷಗಳ ನಂತರ ಗ್ರೆಟ್ಚೆನ್‌ಳ ಹಾಡು ಅಚ್ಚಿನಲ್ಲಿ ಕಾಣಿಸಿಕೊಂಡಿತು.

ಒಂದು ಕೃತಿಯ ಗಳಿಕೆಯಿಂದ ಮುಂದಿನ ಕೃತಿಯ ಮುದ್ರಣ ನಡೆಯುವ ಈ ಏರ್ಪಾಡು ಲೆಕ್ಕಾಚಾರದ ದೃಷ್ಟಿಯಿಂದ ಸಮರ್ಪಕವಾಗಿತ್ತು. ಹಕ್ಕುಗಳು ಸಂಗೀತಗಾರರ ಬಳಿಯೇ ಉಳಿಯುತ್ತಿದ್ದವು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಕೈಗೆ ತಕ್ಷಣ ಹಣ ಬೇಕಾಗಿ ಶೂಬರ್ಟ್ ಅವರು ಆ ಹಕ್ಕುಗಳನ್ನು ಒಂದೇ ಗಂಟಿನ ಮೊತ್ತಕ್ಕೆ ಪ್ರಕಾಶಕರಿಗೆ ಮಾರಿಬಿಟ್ಟರು. ಸ್ನೇಹಿತರಿಗೆ ಇದರಿಂದ ಬಹಳ ಬೇಸರವಾಯಿತು. ಆ ಸಮಯದಲ್ಲಿ ಅವರು ಗುಹ್ಯರೋಗಕ್ಕೆ ತುತ್ತಾಗಿ ಆಸ್ಪತ್ರೆಗೂ ಸೇರಬೇಕಾಗಿ ಬಂದಿದ್ದುದನ್ನು ಗಮನಿಸಿದರೆ ಈ ನಿರ್ಧಾರದ ಹಿಂದಿನ ಒತ್ತಡ ಅರ್ಥವಾಗುತ್ತದೆ.

ಆದರೂ ಅವರ ಗೀತರಚನೆ ನಿಲ್ಲಲಿಲ್ಲ. ವಿಲ್‌ಹೆಲ್ಮ್ ಮ್ಯೂಲರ್ ಅವರ ಕವಿತೆಗಳನ್ನು ಆಧರಿಸಿದ ಎರಡು ಗೀತಮಾಲಿಕೆಗಳು 1823 ಮತ್ತು 1827ರಲ್ಲಿ ರಚಿತವಾದವು. ಮೊದಲನೆಯದರಲ್ಲಿ ಗಿರಣಿಯ ಯಜಮಾನನ ಮಗಳಿಗಾಗಿ ಹಂಬಲಿಸುವ ತರುಣ ಕೆಲಸಗಾರನಿದ್ದಾನೆ. ಗಯಟೆ ಅವರ ಮಿಗ್ನೋನ್ ಎಂಬ ಬಾಲೆಯ ಹಂಬಲದ ಕವಿತೆಯೊಂದಕ್ಕಂತೂ ಇವರು 1815ರಿಂದ 1826ರವರೆಗೆ ಆರು ಬಾರಿ ಬೇರೆ ಬೇರೆಯಾಗಿ ಸಂಗೀತ ಸಂಯೋಜಿಸಿದರು. ಗ್ರೆಟ್ಚೆನ್‌ಳ ಹಾಡು ಒಂದೇ ಯತ್ನದಲ್ಲಿ ಕೈಗೂಡಿತ್ತು. ಮಿಗ್ನೋನ್‌ಳ ಹಾಡಿಗೆ ಹನ್ನೊಂದು ವರ್ಷ ಬೇಕಾಯಿತು.

1825ರಲ್ಲಿ ಶೂಬರ್ಟ್ ಅವರು ತಾವೇ ಗಯಟೆ ಅವರಿಗೆ ಪತ್ರ ಬರೆದು, ಅವರಿಗೆ ಅರ್ಪಿಸಿದ ಮೂರು ಗೀತೆಗಳ ಮುದ್ರಿತ ಪ್ರತಿಯನ್ನು ಕಳುಹಿಸಿದರು. ಕವಿಗಳ ದಿನಚರಿಯಲ್ಲಿ ಪ್ರತಿ ತಲುಪಿದ ಬಗ್ಗೆ ನಮೂದು ಇದೆ. ಅದೇ ದಿನ ಬಾಲಕ ಮೆಂಡೆಲ್‌ಸನ್ ಅವರ ಕೃತಿಗಳೂ ಅಲ್ಲಿಗೆ ತಲುಪಿದವು. ಮೆಂಡೆಲ್‌ಸನ್ ಅವರಿಗೆ ಪ್ರೀತಿಯ ಉತ್ತರ ಹೋಯಿತು, ಶೂಬರ್ಟ್ ಅವರಿಗೆ ಹೋಗಲಿಲ್ಲ.

1826ರಲ್ಲಿ ಆಸ್ಥಾನದ ಉಪ ಸಂಗೀತ ಮುಖ್ಯಸ್ಥರ ಹುದ್ದೆಗೆ ಸಲ್ಲಿಸಿದ ಅರ್ಜಿಯ ಫಲಿತಾಂಶವೂ ಹಿಂದಿನದರಂತೆಯೇ ಆಯಿತು. ಹುದ್ದೆಯು ಜೋಸೆಫ್ ವೈಗಲ್ ಅವರಿಗೆ ದೊರೆಯಿತು.

ಅಂತಿಮ ದಿನಗಳು

1827ರ ಮಾರ್ಚ್ 26ರಂದು ಬೀಥೋವನ್ ಅವರು ನಿಧನರಾದಾಗ ಅಂತಿಮಯಾತ್ರೆಯಲ್ಲಿ ದೀವಟಿಗೆ ಹಿಡಿದು ಸಾಗಿದವರಲ್ಲಿ ಶೂಬರ್ಟ್ ಅವರೂ ಒಬ್ಬರು. ಸರಿಯಾಗಿ ಒಂದು ವರ್ಷದ ನಂತರ ಅದೇ ದಿನಾಂಕದಂದು ತಮ್ಮ ಕೃತಿಗಳಿಗೇ ಮೀಸಲಾದ ಕಚೇರಿಯನ್ನು ಏರ್ಪಡಿಸಿದರು. ಇವರ ಜೀವಮಾನದಲ್ಲಿ ನಡೆದ ಇಂತಹ ಸಾರ್ವಜನಿಕ ಕಚೇರಿ ಇದೊಂದೇ. ಸಭಾಂಗಣ ತುಂಬಿತ್ತು. ಆದರೆ ಮೂರು ದಿನಗಳ ತರುವಾಯ ಪಗನೀನಿ ಅವರ ಪಿಟೀಲು ಕಚೇರಿಗಳು ವಿಯೆನ್ನಾದಲ್ಲಿ ಆರಂಭವಾಗಿ, ಪತ್ರಿಕೆಗಳ ಗಮನವೆಲ್ಲ ಅತ್ತ ಹರಿಯಿತು.

1828ರ ನವೆಂಬರ್ ಆರಂಭದಲ್ಲಿ ಇವರು ಸೈಮನ್ ಸೆಖ್ಟರ್ ಎಂಬ ಗುರುಗಳ ಬಳಿ ಸಂಗೀತ ಶಾಸ್ತ್ರದ ಹೆಚ್ಚಿನ ಪಾಠಕ್ಕೆ ಹೆಸರು ನೋಂದಾಯಿಸಿ ಮೊದಲ ಪಾಠವನ್ನೂ ಮುಗಿಸಿದ್ದರು. 600 ಗೀತೆಗಳನ್ನು ರಚಿಸಿದ ಮೇಲೂ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ಸಂಕೋಚಪಡಲಿಲ್ಲ. ಎರಡನೆಯ ಪಾಠ ನಡೆಯಲಿಲ್ಲ. ಹಾಸಿಗೆ ಹಿಡಿದ ಅವರು ಎರಡನೆಯ ಗೀತಮಾಲಿಕೆಯ ಅಚ್ಚಿನ ಕರಡನ್ನು ತಿದ್ದುತ್ತಿದ್ದರು. ನವೆಂಬರ್ 19ರಂದು ಅಣ್ಣ ಫರ್ಡಿನಾಂಡ್ ಅವರ ಮನೆಯಲ್ಲಿ ಕೊನೆಯುಸಿರೆಳೆದರು.

ಮರಣಾನಂತರ ಅಧಿಕಾರಿಗಳು ನಿಯಮದಂತೆ ಆಸ್ತಿಯ ಪಟ್ಟಿ ತಯಾರಿಸಿದರು. ಕೋಟುಗಳು, ಷರಾಯಿಗಳು, ಪಾದರಕ್ಷೆಗಳು, ಒಂದು ಹಾಸಿಗೆ, ಕೆಲವು ಹಳೆಯ ಸಂಗೀತದ ಹಾಳೆಗಳು. ಒಟ್ಟು ಮೌಲ್ಯ 63 ಗುಲ್ಡನ್. ಅದರಲ್ಲಿ ಸಂಗೀತದ ಹಾಳೆಗಳಿಗೆ ಹಾಕಿದ ಬೆಲೆ 10 ಗುಲ್ಡನ್. ಅಪ್ರಕಟಿತ ಹಸ್ತಪ್ರತಿಗಳ ದೊಡ್ಡ ರಾಶಿಯು ಅಣ್ಣನ ಹಾಗೂ ಸ್ನೇಹಿತರ ಮನೆಗಳಲ್ಲಿತ್ತು. ಫರ್ಡಿನಾಂಡ್ ಅವರ ಮನೆಯಲ್ಲಿ ರಾಬರ್ಟ್ ಶೂಮನ್ ಅವರಿಗೆ ದೊರೆತ ಮಹಾ ಸಿಂಫನಿಯನ್ನು 1839ರಲ್ಲಿ ಮೆಂಡೆಲ್‌ಸನ್ ಅವರು ಲೈಪ್‌ಜಿಗ್‌ನಲ್ಲಿ ಪ್ರಸ್ತುತಪಡಿಸಿದರು. 1822ರಲ್ಲಿ ಬರೆದ ಅಪೂರ್ಣ ಸಿಂಫನಿ ಬೆಳಕು ಕಂಡದ್ದು 1865ರಲ್ಲಿ. ಇವರ ಸಮಗ್ರ ಕೃತಿಗಳ ಪಟ್ಟಿಯನ್ನು ಆಟೋ ಎರಿಕ್ ಡಾಯ್ಚ್ ಅವರು 1951ರಲ್ಲಿ ಪ್ರಕಟಿಸಿದರು. ಅದರಲ್ಲಿ ರಾಟೆಯ ಹಾಡಿನ ಕ್ರಮಸಂಖ್ಯೆ 118.

1830ರಲ್ಲಿ ಪ್ರಸಿದ್ಧ ಗಾಯಕಿ ವಿಲ್‌ಹೆಲ್ಮಿನ್ ಶ್ರೋಡರ್ ಡೆವ್ರಿಯಂಟ್ ಅವರು ವೈಮಾರ್‌ನಲ್ಲಿ ಗಯಟೆ ಅವರ ಮುಂದೆ ಶೂಬರ್ಟ್ ಅವರ ಎರ್ಲ್‌ಕೋನಿಗ್ ಗೀತೆಯನ್ನು ಹಾಡಿದರು. ವೃದ್ಧ ಕವಿಗಳು ಅದನ್ನು ಕೇಳಿ ಮನಸೋತು, ಹಿಂದೆ ಕೇಳಿದಾಗ ತಮಗೆ ಇದು ರುಚಿಸಿರಲಿಲ್ಲವೆಂದು ಒಪ್ಪಿಕೊಂಡು, ಗಾಯಕಿಯನ್ನು ಹರಸಿದರು. ಶೂಬರ್ಟ್ ಅವರು ಗತಿಸಿ ಆಗಲೇ ಒಂದೂವರೆ ವರ್ಷವಾಗಿತ್ತು.

ಶೂಬರ್ಟ್ ಅವರಿಂದ ಆರಂಭವಾದ ಜರ್ಮನ್ ಗೀತ ಪರಂಪರೆಯೊಡನೆ ಮೈಸೂರಿಗೂ ಒಂದು ಸಂಬಂಧವಿದೆ. ಆ ಪರಂಪರೆಯ ಕೊನೆಯ ಮಹತ್ಕೃತಿಗಳಲ್ಲೊಂದೆಂದು ಪರಿಗಣಿತವಾದ ರಿಚರ್ಡ್ ಸ್ಟ್ರಾಸ್ ಅವರ ನಾಲ್ಕು ಅಂತಿಮ ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಸ್ತುತವಾದುದು ಶ್ರೀ ಜಯಚಾಮರಾಜ ಒಡೆಯರ್ ಅವರ ಧನಸಹಾಯದಿಂದ.

ವಿಯೆನ್ನಾದಲ್ಲಿ ಬೀಥೋವನ್ ಅವರ ಸಮೀಪದಲ್ಲಿಯೇ ಸಮಾಧಿ ಮಾಡಲಾಗಿದ್ದ ಶೂಬರ್ಟ್ ಅವರ ಪಾರ್ಥಿವ ಅವಶೇಷಗಳನ್ನು 1888ರಲ್ಲಿ ನಗರದ ಕೇಂದ್ರ ಸ್ಮಶಾನಕ್ಕೆ ಸ್ಥಳಾಂತರಿಸಲಾಯಿತು. ಜನ್ಮಗೃಹವು ವಸ್ತುಸಂಗ್ರಹಾಲಯವಾಗಿದೆ. 1816ರಲ್ಲಿ ಅವರು ಕೈಬರಹದಲ್ಲಿ ಸಿದ್ಧಪಡಿಸಿದ್ದ ಗೀತೆಗಳ ಸಂಪುಟವನ್ನು ತೆರೇಸ್ ಅವರು ಬೇಕರಿಯ ಯಜಮಾನರನ್ನು ವರಿಸಿದ ಮೇಲೂ ಬಿಟ್ಟುಕೊಡಲಿಲ್ಲ. ಅವರು 1875ರಲ್ಲಿ ನಿಧನರಾದರು. ಸಂಪುಟವು ಅವರ ಬಂಧುವರ್ಗದಲ್ಲಿಯೇ ಉಳಿದುಬಂದಿತು. ಬೇರೆಲ್ಲಿಯೂ ದೊರೆಯದ ಕೆಲವು ಗೀತೆಗಳು ಅದರಲ್ಲಿದ್ದವು.